ಎಮ್ಮೆಕಣ್ಣಿನ ಮುಂದೆ ಕೆಂಪು ಗಾಜು

ಕೆಂಪಸಿದ್ದಯ್ಯನ ಕೈಯಲ್ಲಿದ್ದ ಆ ಲೆನ್ಸಿಗೆ ಮಂಡ್ಯದ ಜನ ಇಟ್ಟ ಹೆಸರು ಎಮ್ಮೆಕಣ್ಣು. ಹೆಸರು ಸರಿಯಾಗಿಯೇ ಇತ್ತು. ಬೇರೆ ಲೆನ್ಸುಗಳ ಗಾಜು ಕೊಳವೆಯೊಳಗೆ ಹುದುಗಿ ಕೂತಿದ್ದರೆ ಇದರದ್ದು ಹೊರಕ್ಕೆ ಉಬ್ಬಿಕೊಂಡು, ಎದುರಿಗಿದ್ದವನನ್ನೂ ಅವನ ಎಡಬಲದವರನ್ನೂ ಒಂದೇ ಸಲಕ್ಕೆ ನುಂಗುವಂತೆ ನೋಡುತ್ತಿತ್ತು. ಸಕ್ಕರೆ ಕಾರ್ಖಾನೆಗೆ ಯಂತ್ರ ಕೂರಿಸಲು ಬಂದಿದ್ದ ಪರದೇಶದ ಎಂಜಿನಿಯರೊಬ್ಬ ತನ್ನೂರಿಗೆ ಹೊರಡುವಾಗ ಇದನ್ನೂ ಇದಕ್ಕೆ ಹೊಂದುವ ಕ್ಯಾಮೆರಾವನ್ನೂ ಯೋಗಾನರಸಿಂಹ ಅಯ್ಯಂಗಾರರ ಸ್ಟುಡಿಯೋಗೆ ಮಾರಿ ಹೋಗಿದ್ದ. ಅಯ್ಯಂಗಾರರು ಎರಡು ದಿನ ಕಣ್ಣಿಗಿಟ್ಟು ನೋಡಿದರು. "ಇದರಲ್ಲಿ ಮದುವೆ ಹೆಣ್ಣಿನ ಮೂಗು ಬದನೆಕಾಯಿ ಆಗತ್ತೆ ಕಣಯ್ಯ. ತಗೊಂಡ್ಹೋಗು ಒಳಗೆ" ಎಂದು ಕೆಂಪಸಿದ್ದಯ್ಯನ ಕೈಗೆ ಹಾಕಿದರು.

ಒಳಗೆ ಅಂದರೆ ಕತ್ತಲೆಕೋಣೆಗೆ. ಹದಿನಾರು ವರ್ಷದಿಂದ ಕೆಂಪಸಿದ್ದಯ್ಯನ ಜಾಗ ಅದೇ. ಮಳವಳ್ಳಿ ಕಡೆಯ ಬಿಲ್ಲೇಕೊಪ್ಪಲಿನ ಕೇರಿಯಿಂದ ಬಂದವನು. ಮುಂದಿನ ಹಾಲಿನಲ್ಲಿ ಹೆಣ್ಣುಮಕ್ಕಳ ಸೆರಗು ಸರಿಮಾಡಿ, ಗಲ್ಲ ಎತ್ತಿ ಹಿಡಿದು ಕೂರಿಸುವ ಕೆಲಸಕ್ಕೆ ಅವನ ಕೈ ಆಗುತ್ತಿರಲಿಲ್ಲ. ಅದೇ ಹೆಣ್ಣುಮಕ್ಕಳ ಮುಖವನ್ನು ತೊಟ್ಟಿಯ ನೀರಿನಲ್ಲಿ ಬೆರಳಿನಿಂದ ಒತ್ತಿ ಒತ್ತಿ ತೊಳೆದು, ಮೊಡವೆಗೆ ಕುಂಚ ಆಡಿಸಿ, ಒಣಗಿಸಿ ಕೊಡುತ್ತಿದ್ದವನು ಅವನೇ. ಅವನು ಮುಟ್ಟಿದ ನೀರನ್ನು ಕುಡಿಯದ ಮನೆಗಳೆಲ್ಲ ಆ ನೀರಿನಲ್ಲಿ ಮಿಂದೆದ್ದ ಪಟಗಳನ್ನು ನಡುಮನೆಯಲ್ಲಿ ಮೊಳೆ ಹೊಡೆದು ತೂಗುಹಾಕಿಕೊಂಡಿದ್ದವು. ಕತ್ತಲೆಕೋಣೆಯಲ್ಲಿ ಮೈಲಿಗೆ ಕಾಣುವುದಿಲ್ಲವಲ್ಲ!

ಮನುಷ್ಯರ ಮುಖಕ್ಕೆ ಒಗ್ಗದ ಆ ಲೆನ್ಸು ಬಯಲಿಗೆ, ಕಟ್ಟಡಕ್ಕೆ ಒಗ್ಗುತ್ತದೆ ಎಂಬುದನ್ನು ಕೆಂಪಸಿದ್ದಯ್ಯ ಒಬ್ಬನೇ ಕಂಡುಕೊಂಡ. ಆದರೆ ಅದಕ್ಕೆ ಫಿಲ್ಟರ್ ಹಾಕುವುದು ಹೇಗೆ? ಪೇಟೆಯಲ್ಲಿ ಸಿಗುವುದು ದುಂಡನೆಯ ಫಿಲ್ಟರು. ಲೆನ್ಸಿನ ಬಾಯಿಗೆ ತಿರುಪಿ ಕೂರಿಸಬೇಕು. ಇದರ ಬಾಯಿಯೇ ಉಬ್ಬಿಕೊಂಡಿದೆ, ತಿರುಪುವುದು ಎಲ್ಲಿಗೆ? ಫಿಲ್ಟರ್ ಇಲ್ಲದೆ ತೆಗೆದರೆ ಕಪ್ಪು-ಬಿಳುಪು ಪಟದಲ್ಲಿ ಆಕಾಶ ಬರೀ ಸುಣ್ಣ, ಮೋಡ ಎಲ್ಲಿದೆ ಎಂದು ಹುಡುಕಬೇಕು. ಅದೇ ಕೆಂಪು ಗಾಜಿನ ಮೂಲಕ ತೆಗೆದರೆ ನೀಲಿ ಆಕಾಶ ಕಾಡಿಗೆಯಷ್ಟು ಕಪ್ಪಾಗಿ ಬಿಳಿ ಮೋಡ ಬೆಣ್ಣೆಯುಂಡೆಯ ಹಾಗೆ ಎದ್ದು ನಿಲ್ಲುತ್ತದೆ. ಅವನು ಬಿಸ್ಕತ್ತಿನ ಡಬ್ಬದ ತಗಡು ಕತ್ತರಿಸಿ ಒಂದು ಚೌಕಟ್ಟು ಮಾಡಿದ. ಮೈಸೂರಿನಿಂದ ತರಿಸಿದ ಕೆಂಪು ಜೆಲಟಿನ್ ಹಾಳೆಯನ್ನು ಅಂಗೈಯಗಲದ ಎರಡು ಚೌಕ ಗಾಜಿನ ನಡುವೆ ಸೇರಿಸಿ ಅಂಚಿಗೆ ಕರಿ ಪಟ್ಟಿ ಅಂಟಿಸಿದ. ಮೊದಲು ಚೌಕಟ್ಟಿನಲ್ಲಿ ಮೂರು ಗಾಜು ಜಾರಿಸಲು ಮೂರು ತೋಡು ಇಟ್ಟಿದ್ದ. ಪಟ ತೊಳೆದು ನೋಡಿದರೆ ನಾಲ್ಕು ಮೂಲೆಯಲ್ಲೂ ಚೌಕಟ್ಟೇ ಬಂದು ಕೂತಿತ್ತು. ಎಮ್ಮೆಕಣ್ಣಿಗೆ ಅಷ್ಟು ಅಗಲದ ನೋಟ. ಎರಡು ತೋಡು ಕಿತ್ತು ಒಂದೇ ಉಳಿಸಿದ. ಆಗ ಇನ್ನೊಂದು ಕಾಟ ಶುರುವಾಯಿತು: ಉಬ್ಬಿದ ಲೆನ್ಸಿಗೂ ಚಪ್ಪಟೆ ಗಾಜಿಗೂ ನಡುವೆ ಬೆರಳು ತೂರುವಷ್ಟು ಸಂದು. ಬೆನ್ನ ಹಿಂದಿನ ಬೆಳಕು ಆ ಸಂದಿನಲ್ಲಿ ನುಗ್ಗಿ ಗಾಜಿನ ಒಳಮೈಗೆ ಬಡಿದು ಪಟದೊಳಗೆ ಮಂಜು ಸುರಿಯುತ್ತಿತ್ತು. ಅದಕ್ಕೆ ಅವನು ಒಂದು ಮೊಳ ಕಪ್ಪು ಬಟ್ಟೆ ಇಟ್ಟುಕೊಂಡಿದ್ದ. ಚೌಕಟ್ಟಿನ ಸುತ್ತ ಬಟ್ಟೆ ಬಿಗಿದ ಮೇಲೇ ಗುಂಡಿ ಒತ್ತುವುದು. ಅದು ಅವನ ಕ್ರಮ.

ಈ ಕ್ರಮದಲ್ಲೇ ಮದ್ದೂರಿನ ಒಂದು ಕಾಫಿ ಹೋಟೆಲಿಗೆ ಕ್ಯಾಲೆಂಡರ್ ಪಟ ತೆಗೆದುಕೊಟ್ಟಿದ್ದ. ಆರು ಮೇಜಿನ ಇಕ್ಕಟ್ಟು ಹೋಟೆಲು ಕ್ಯಾಲೆಂಡರಿನಲ್ಲಿ ಅರಮನೆಯ ಊಟದ ಹಜಾರದಂತೆ ಕಾಣುತ್ತಿತ್ತು. ರೈಲಿಳಿದು ಅಲ್ಲಿಗೆ ಹೋದವರು "ಉಳಿದಿದ್ದು ಎಲ್ಲಪ್ಪ?" ಎಂದು ಹಿತ್ತಲ ಬಾಗಿಲು ನೋಡುತ್ತಿದ್ದರಂತೆ. ಕೆಂಪಸಿದ್ದಯ್ಯ ಆ ಮಾತಿಗೆ ಹಿಗ್ಗಿದ್ದ. ಆ ಹಿಗ್ಗೇ ಅವನನ್ನು ಸಿಕ್ಕಿಸಿದ್ದು.

೧೯೭೬ರ ಆಗಸ್ಟ್ ಹನ್ನೆರಡು, ಗುರುವಾರ. ತುರ್ತು ಪರಿಸ್ಥಿತಿ ಬಂದು ವರ್ಷ ದಾಟಿತ್ತು. ಮದ್ದೂರಿನಲ್ಲಿ ಗೋಡೆಯ ಮೇಲೆ ಇದ್ದಿಲಿನಲ್ಲಿ ಏನೋ ಬರೆದ ಮೇಷ್ಟ್ರೊಬ್ಬರು ಮೂರು ತಿಂಗಳಾದರೂ ಮನೆ ಸೇರಿರಲಿಲ್ಲ. ಹೋಟೆಲಿನಲ್ಲಿ ಜನ ಕಾಫಿಗೆ ಸಕ್ಕರೆ ಕಡಿಮೆ ಎನ್ನುವುದಕ್ಕೂ ಆಚೀಚೆ ನೋಡುತ್ತಿದ್ದರು. ಅಂಥ ದಿನಗಳಲ್ಲಿ ಸ್ಟುಡಿಯೋ ಮುಂದೆ ಸರ್ಕಾರಿ ಜೀಪು ನಿಂತರೆ ಯಾರ ಎದೆ ತಾನೆ ಹಿಡಿಯುವುದಿಲ್ಲ? ಇಳಿದು ಬಂದವರು ವರದರಾಜ, ಬಡವರ ಮನೆ ಕಟ್ಟಿಸುವ ಉಸ್ತುವಾರಿಯ ಅಧಿಕಾರಿ. ಅವರ ಹಿಂದೆ ಆ ಮನೆಗಳನ್ನು ಗುತ್ತಿಗೆ ಹಿಡಿದಿದ್ದ ಶಿವಣ್ಣ.

"ಹೋಟೆಲನ್ನ ಅರಮನೆ ಮಾಡಿದನಲ್ಲ, ಆ ಕೈ ಯಾವುದು ಅಯ್ಯಂಗಾರ್ರೆ?" ಎಂದು ವರದರಾಜ ಕೇಳಿದರು.

ಅಯ್ಯಂಗಾರರು ಒಳಗೆ ಕೂಗಿದರು. ಕೆಂಪಸಿದ್ದಯ್ಯ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲೇ ನಿಂತ. ಭಾನುವಾರ ಸ್ವಾತಂತ್ರ್ಯ ದಿನ. ಮಂಡ್ಯದಲ್ಲಿ ಪ್ರಗತಿಯ ವಸ್ತುಪ್ರದರ್ಶನ. ಬೆಂಗಳೂರಿನಿಂದ ದೊಡ್ಡ ಅಧಿಕಾರಿ ಬಂದು ಉದ್ಘಾಟಿಸುತ್ತಾರೆ. ಬಾಗಿಲಿನಲ್ಲೇ ಆರಡಿ ಅಗಲದ ಪಟ ನಿಲ್ಲಿಸಬೇಕು, ಹೊಸ ಕಾಲೋನಿಯದು. ಹತ್ತೊಂಬತ್ತು ಮನೆ.

"ಯಾವೂರ ಕಾಲೋನಿ ಸ್ವಾಮಿ?"

"ಬಿಲ್ಲೇಕೊಪ್ಪಲು."

ಕೆಂಪಸಿದ್ದಯ್ಯನಿಗೆ ಸಂತೋಷವೇ ಆಯಿತು. ಅವನ ತಂಗಿ ಮಂಚಮ್ಮ ಅಲ್ಲೇ ಇದ್ದವಳು. ಗಂಡ ಸತ್ತ ಮೇಲೆ ಎರಡು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಕಬ್ಬಿನ ಸೋಗೆಯ ಗುಡಿಸಲಲ್ಲಿ ದಿನ ನೂಕುತ್ತಿದ್ದಳು. ಯುಗಾದಿಗೆ ಹೋದಾಗ ಅಡಿಪಾಯ ಅಗೆದಿದ್ದನ್ನು ಕಂಡಿದ್ದ. ಆಗಲೇ ಎದ್ದುಬಿಟ್ಟವೇ ಮನೆಗಳು!

ಜೀಪಿನ ಹಿಂದೆ ಕೂತು ಹೊರಟ. ಮದ್ದೂರಿನ ಹತ್ತಿರ ಶಿವಪುರದ ಸತ್ಯಾಗ್ರಹ ಸೌಧಕ್ಕೆ ಸುಣ್ಣ ಹೊಡೆಯುತ್ತಿದ್ದರು. ಅಲ್ಲಿಂದ ಮಳವಳ್ಳಿ ರಸ್ತೆ. ಬಿಲ್ಲೇಕೊಪ್ಪಲಿನಲ್ಲಿ ಇಳಿದು ನೋಡಿದರೆ ಎದ್ದಿದ್ದ ಮನೆಗಳು ಎಂಟು. ಎಂಟಕ್ಕೂ ಹೆಂಚು ಹೊದಿಸಿ ಸುಣ್ಣ ಬಳಿದಿದ್ದರು. ಅವುಗಳ ಪಕ್ಕಕ್ಕೆ ಮೊಣಕಾಲೆತ್ತರದ ಅಡಿಪಾಯಗಳು, ಅದರೊಳಗೆ ಪಾರ್ಥೇನಿಯಂ ಗಿಡ ಸೊಂಪಾಗಿ ಹೂಬಿಟ್ಟಿತ್ತು. ರಸ್ತೆಯ ಈಚೆಗೆ, ಮನೆಗಳಿಗೆ ಎದುರಾಗಿ, ಹತ್ತೊಂಬತ್ತು ಗುಡಿಸಲು ಇದ್ದ ಹಾಗೇ ಇದ್ದವು.

"ಉಳಿದ ಹನ್ನೊಂದು?" ಎಂದು ಬಾಯಿತಪ್ಪಿ ಕೇಳಿದ.

ಶಿವಣ್ಣ ನಕ್ಕ. "ಅದ್ಕೇ ಕಣ್ಲಾ ನಿನ್ನ ಕರ್ಕಬಂದಿರೋದು. ನಿನ್ ಎಮ್ಮೆಕಣ್ಣಲ್ಲಿ ಎಂಟನ್ನ ಹತ್ತೊಂಬತ್ತು ಮಾಡು. ಆರು ಟೇಬಲ್ನ ಅರವತ್ತು ಮಾಡಿದ್ದೆ, ಇದೇನ್ ಮಹಾ?"

"ಮೂಲೆ ಮನೆಗೆ ಅಂಟಿಕೊಂಡು, ಕೂತು ತೆಗಿ" ಎಂದರು ವರದರಾಜ. ಅವರಿಗೆ ಸ್ವಲ್ಪ ಗೊತ್ತಿತ್ತು. "ಮೊದಲ ಮನೆ ದೊಡ್ಡದಾಗಿ ಬಂದು, ಆಮೇಲೆ ಸಾಲು ಕಿರಿದಾಗುತ್ತ ಆಗುತ್ತ ಎಲ್ಲೋ ಹೋಗಿಬಿಡಬೇಕು. ಕೊನೆ ಎಲ್ಲಿ ಅಂತ ನೋಡುವವನಿಗೆ ಗೊತ್ತಾಗಬಾರದು. ಮೇಲೆ ಮೋಡ ಚೆನ್ನಾಗಿ ಬರಲಿ."

ಅಷ್ಟರಲ್ಲಿ ಗುಡಿಸಲುಗಳ ಕಡೆಯಿಂದ ಮಂಚಮ್ಮ ಬಂದಳು. ಸೊಂಟದಲ್ಲಿ ಖಾಲಿ ಬಿಂದಿಗೆ. ಅಣ್ಣನನ್ನು ಕಂಡ ಖುಷಿ ಅವಳ ಮುಖದಲ್ಲಿ ಇರಲಿಲ್ಲ.

"ಅಣ್ಣೋ, ನೀನಾ ಬಂದಿರೋದು ಇವ್ರ ಕೆಲ್ಸಕ್ಕೆ? ಬರೋ ಸ್ವಾಮಾರ ಗುಡ್ಲೆಲ್ಲ ಕಿತ್ತಾಕ್ತಾರಂತೆ, ಗೊತ್ತಾ?"

"ಯಾಕ? ಮನೆ ಎಲ್ಲಿ ಮುಗ್ದವೆ?"

"ಕಾಗ್ದದಲ್ಲಿ ಮುಗ್ದವಂತೆ. ಪಟಾನೂ ಬಂದ್ಬುಟ್ರೆ ಮುಗೀತು. ಗುಡ್ಲಿರೋ ಜಾಗ್ದಲ್ಲಿ ಸಿವಣ್ಣೋರು ಆಲೆಮನೆ ಹಾಕ್ತಾರಂತೆ. ಎಂಟು ಮನೆ ಯಾರ್ಗೋ ಏನೋ, ನಂಗಂತೂ ಇಲ್ಲ. ಮಕ್ಳ ಕಟ್ಕಂಡು ನಾನೆಲ್ಲಿಗ್ ಓಗ್ಲಿ, ನಿನ್ ಕತ್ಲೆಕ್ವಾಣೆಗಾ?"

"ಏಯ್, ಹಿಂದಕ್ಕೆ ಹೋಗಮ್ಮ!" ವರದರಾಜ ಕೈ ಬೀಸಿದರು. "ಪಟದಲ್ಲಿ ಬರ್ತೀಯ. ಎಲ್ಲರೂ ಹಿಂದಕ್ಕೆ! ಕ್ಯಾಮೆರಾದ ಹಿಂದಕ್ಕೆ!"

ಇಡೀ ಕೇರಿ ಹಿಂದಕ್ಕೆ ಸರಿಯಿತು. ಸರಿದು ಅಭ್ಯಾಸವಿದ್ದ ಜನ. ಮುದ್ದಮ್ಮ ಎಂಬ ಹಣ್ಣು ಮುದುಕಿ ಕೋಲೂರಿಕೊಂಡು ಎಲ್ಲರಿಗಿಂತ ಕೊನೆಗೆ ಸರಿದಳು. ಮಂಚಮ್ಮ ಮಾತ್ರ ಹೋಗುತ್ತ ಹೋಗುತ್ತ ತಿರುಗಿ ಒಂದು ಮಾತು ಎಸೆದಳು: "ತೆಗಿ ಬುಡಣ್ಣ. ಅವ್ರ ಕಡೀಕ್ ಕಣ್ಣು, ನಮ್ ಕಡೀಕ್ ಬೆನ್ನು. ಚೆಂದಾಗ್ ತೆಗಿ."

ಕೆಂಪಸಿದ್ದಯ್ಯ ಮಂಡಿಯೂರಿ ಕೂತ. ಆಗುವುದಿಲ್ಲ ಎನ್ನಬಹುದಿತ್ತು. ಅಂದಿದ್ದರೆ ಅದೇ ಜೀಪು ಬೇರೆ ಕಡೆಗೆ ಕರೆದೊಯ್ಯುತ್ತಿತ್ತು. ಮನೆಯಲ್ಲಿ ಕುಳಿತು ಧೈರ್ಯದ ಮಾತಾಡುವವರು ಆ ವರ್ಷ ಜೀಪಿನ ಪಕ್ಕ ಮಂಡಿಯೂರಿ ಕೂತು ನೋಡಬೇಕಿತ್ತು. ಚೌಕಟ್ಟು ಸಿಕ್ಕಿಸಿದ, ಕೆಂಪು ಗಾಜು ಇಳಿಬಿಟ್ಟ. ಗಾಜಿನ ಕೆಳಭಾಗ ಲೆನ್ಸಿನ ಉಬ್ಬಿಗೆ ತಾಗಿ ಮುಂದಕ್ಕೆ ಬಂದು, ಮೇಲಿನ ಅಂಚು ಲೆನ್ಸಿನ ಕಡೆಗೆ ತುಸು ವಾಲಿಕೊಂಡಿತು. ಚೀಲಕ್ಕೆ ಕೈಹಾಕಿ ಕಪ್ಪು ಬಟ್ಟೆ ತೆಗೆದು ಕೊಡವಿದ.

ವರದರಾಜ ಹಾವು ಕಂಡವರಂತೆ ಹಾರಿದರು. "ಏನಯ್ಯ ಅದು? ಕಪ್ಪು ಬಟ್ಟೆ!"

"ಇದು ಚೌಕಟ್ಟಿಗೆ ಸುತ್ತಕ್ಕೆ ಸ್ವಾಮಿ. ಹಿಂದ್ಗಡೆ ಬೆಳಕು..."

"ಒಳಗಿಡು! ಮೊದಲು ಒಳಗಿಡು! ಸರ್ಕಾರದ ಕೆಲಸದ ಜಾಗದಲ್ಲಿ ಕಪ್ಪು ಬಟ್ಟೆ ಕೊಡವುತ್ತಾನೆ ಇವನು. ರಸ್ತೆಯಲ್ಲಿ ಹೋಗುವ ಯಾವನಾದರೂ ನೋಡಿ ಕಪ್ಪು ಬಾವುಟ ಹಾರಿಸಿದರು ಅಂತ ಬರೆದು ಹಾಕಿದರೆ ನನ್ನ ಕೆಲಸ ಏನಾಗಬೇಕು? ನೀನು ವಾಪಸು ಕೊಡಿಸುತ್ತೀಯ?"

"ಅದಿಲ್ದಿದ್ರೆ ಪಟ ಕೆಡ್ತದೆ ಸ್ವಾಮಿ."

"ಕೆಡಲ್ಲ, ತೆಗಿ!"

ಒಂದು ಮೊಳ ಬಟ್ಟೆಗೆ ಹೆದರುವ ಸರ್ಕಾರ! ಹತ್ತೊಂಬತ್ತು ಸಂಸಾರ ಬೀದಿಗೆ ಬೀಳುವುದಕ್ಕೆ ಹುಬ್ಬೂ ಅಲುಗಿಸದ ಆ ಮನುಷ್ಯ, ಬಟ್ಟೆಯ ಬಣ್ಣಕ್ಕೆ ಬೆವರಿಬಿಟ್ಟ. ಕೆಂಪಸಿದ್ದಯ್ಯ ಬಟ್ಟೆಯನ್ನು ಚೀಲಕ್ಕೆ ತುರುಕಿ ಕಣ್ಣಿಟ್ಟ. ಕೆಂಪು ಗಾಜಿನ ಹಿಂದೆ ಲೋಕವೆಲ್ಲ ಒಂದೇ ಮಬ್ಬು ರಕ್ತ. ಏನೂ ಸರಿಯಾಗಿ ಕಾಣಲಿಲ್ಲ. ಕಾಣಬೇಕೆಂಬ ಆಸೆಯೂ ಇರಲಿಲ್ಲ. ಆರು ಸಲ ಒತ್ತಿ ಎದ್ದ.

ಶುಕ್ರವಾರ ಪೋಸ್ಟ್‌ಕಾರ್ಡ್ ಅಳತೆಯ ಪಟ ತೆಗೆದುಕೊಂಡು ಅಯ್ಯಂಗಾರರೇ ವರದರಾಜರಿಗೆ ತೋರಿಸಿ ಬಂದರು. ಬಿಳೀ ಮನೆಗಳ ಸಾಲು ಸೂಜಿಮೊನೆಯ ಹಾಗೆ ದೂರಕ್ಕೆ ಹೋಗಿತ್ತು. ಮೇಲೆ ಕರೀ ಆಕಾಶ, ಅದರಲ್ಲಿ ಬೆಣ್ಣೆಯುಂಡೆ ಮೋಡ. ಎಡಗಡೆ ಮೂಲೆಯಲ್ಲಿ ಉಗುರಿನಷ್ಟು ಮಂಕು. ಅದನ್ನೂ ಮೋಡವೆಂದೇ ಅಂದುಕೊಂಡರು. ಇದನ್ನೇ ದೊಡ್ಡದು ಮಾಡಿಸಿ ಎಂದು ವರದರಾಜ ಬೆನ್ನು ತಟ್ಟಿದರಂತೆ.

ಶನಿವಾರ ಬೆಳಿಗ್ಗೆ ಕೆಂಪಸಿದ್ದಯ್ಯ ಪಟ ದೊಡ್ಡದು ಮಾಡುವ ಯಂತ್ರದ ತಲೆಯನ್ನು ಅಡ್ಡಕ್ಕೆ ತಿರುಗಿಸಿ, ಎದುರು ಗೋಡೆಯ ಮೇಲೆ ಆರಡಿ ಅಗಲಕ್ಕೆ ಬೆಳಕು ಬಿಟ್ಟು, ನಾಲ್ಕು ಉದ್ದುದ್ದ ಕಾಗದದಲ್ಲಿ ಪಟ ಇಳಿಸಿದ. ಒಂದೊಂದೇ ಹಾಳೆಯನ್ನು ತೊಟ್ಟಿಯಲ್ಲಿ ಮುಳುಗಿಸಿದ. ಎಡಗಡೆಯ ಹಾಳೆ ಕೊನೆಯದು. ಮಂದ ಕೆಂಪು ದೀಪದಲ್ಲಿ ನೀರಿನ ತಳದಿಂದ ಮೊದಲು ಮನೆಯ ಗೋಡೆ ಎದ್ದಿತು. ಆಮೇಲೆ ಆಕಾಶ ಕಪ್ಪಾಯಿತು. ಕಪ್ಪಿನ ನಡುವೆ ಇನ್ನೇನೋ ಮೂಡತೊಡಗಿತು.

ಗುಡಿಸಲುಗಳು! ಸೋಗೆಯ ಮಾಡು, ವಾಲಿದ ಬಿದಿರಿನ ಗಳ, ಹಗ್ಗದಲ್ಲಿ ಒಣಹಾಕಿದ ಸೀರೆ. ಮುಂದೆ ಸಾಲಾಗಿ ನಿಂತ ಜನ. ಕೋಲೂರಿದ ಮುದುಕಿ. ಸೊಂಟದಲ್ಲಿ ಬಿಂದಿಗೆ ಇಟ್ಟುಕೊಂಡು ನೆಟ್ಟಗೆ ಇವನನ್ನೇ ನೋಡುತ್ತಿರುವ ಹೆಂಗಸು. ಎಲ್ಲರೂ ಹೊಗೆಯಷ್ಟು ತೆಳ್ಳಗೆ, ಹೆಂಚಿನ ಮನೆಗಳ ತಲೆಯ ಮೇಲೆ, ಆಕಾಶದಲ್ಲಿ ನಿಂತಿದ್ದರು.

ಕೆಂಪಸಿದ್ದಯ್ಯ ಹಾಳೆಯನ್ನು ದೀಪದ ಹತ್ತಿರ ಎತ್ತಿ ಹಿಡಿದ. ಒಂದೇ ಫಿಲ್ಮಿನ ಮೇಲೆ ಎರಡು ಸಲ ಒತ್ತಿಬಿಟ್ಟೆನೇ ಎಂದುಕೊಂಡ. ಇಲ್ಲ, ಆ ಕಡೆಗೆ ಕ್ಯಾಮೆರಾ ತಿರುಗಿಸಿಯೇ ಇರಲಿಲ್ಲ. ಆಮೇಲೆ ಹೊಳೆಯಿತು. ಬಟ್ಟೆ ಸುತ್ತಿರಲಿಲ್ಲ. ವಾಲಿದ ಗಾಜಿನ ಒಳಮೈ ಕನ್ನಡಿಯಾಗಿ ಬೆನ್ನ ಹಿಂದಿದ್ದುದನ್ನೆಲ್ಲ ಹಿಡಿದು ಲೆನ್ಸಿಗೆ ಒಪ್ಪಿಸಿತ್ತು. ಬೆಳ್ಳಗಿರುವ ಆಕಾಶದಲ್ಲಾಗಿದ್ದರೆ ಕಾಣುತ್ತಿರಲಿಲ್ಲ. ಕೆಂಪು ಗಾಜು ಆಕಾಶವನ್ನು ಕಪ್ಪು ಹಲಗೆ ಮಾಡಿಟ್ಟಿತ್ತಲ್ಲ, ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆದ ಹಾಗೆ ಬಂದಿದ್ದವು.

ಅಯ್ಯಂಗಾರರು ಪರದೆ ಸರಿಸಿ ಒಳಬಂದರು. ಒದ್ದೆ ಹಾಳೆ ನೋಡಿ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಇದೇನೋ ಇದು? ಯಾರಿವರು?"

"ಇದು ನನ್ ತಂಗಿ, ಸ್ವಾಮಿ."

"ಅಯ್ಯೋ ನರಸಿಂಹ!" ಅವರು ತಗ್ಗಿದ ದನಿಯಲ್ಲಿ ಚೀರಿದರು. "ನನ್ನನ್ನ ಜೈಲಿಗೆ ಕಳಿಸ್ಬೇಕು ಅಂತಿದ್ದೀಯಾ? ಮೂರು ಹೆಣ್ಣುಮಕ್ಕಳ ತಂದೆ ಕಣಯ್ಯ ನಾನು. ಅಳಿಸು. ಕರಿ ಮಸಿ ತಗೊಂಡು ಆಕಾಶಕ್ಕೆ ಬಳಿದುಬಿಡು, ಅರ್ಧ ಗಂಟೆ ಕೆಲಸ. ನಾಲ್ಕು ಗಂಟೆಗೆ ಜೀಪು ಬರತ್ತೆ."

"ಅಳಿಸಿದ್ರೆ ಸ್ವಾಮಾರ ಗುಡ್ಲು ಕೀಳ್ತಾರೆ ಸ್ವಾಮಿ. ಹತ್ತೊಂಬತ್ತು ಮನೆ ಆಗವೆ ಅನ್ನಕ್ಕೆ ಇದೇ ಸಾಕ್ಷಿ ಆಯ್ತದೆ."

"ಅಳಿಸದಿದ್ದರೆ ಕೀಳೋದಿಲ್ಲವಾ? ಯಾವನು ನೋಡ್ತಾನೆ ಆಕಾಶನ? ನೋಡಿದರೆ ನಿನ್ನ ಹಿಡಿದುಕೊಂಡು ಹೋಗ್ತಾರೆ, ಗುಡಿಸಲನ್ನೂ ಕೀಳ್ತಾರೆ." ಅವರ ಮಾತಿನಲ್ಲಿ ಹೆದರಿಕೆ ಎಷ್ಟಿತ್ತೋ ಲೆಕ್ಕಾಚಾರವೂ ಅಷ್ಟೇ ಸರಿಯಾಗಿತ್ತು. "ನಾನು ಊಟಕ್ಕೆ ಹೋಗಿಬರೋ ಹೊತ್ತಿಗೆ ಅದು ಇರಕೂಡದು."

ಅವರು ಹೋದರು. ಕೆಂಪಸಿದ್ದಯ್ಯ ನಾಲ್ಕು ಹಾಳೆಯನ್ನೂ ಪ್ಲೈವುಡ್ ಹಲಗೆಗೆ ಅಂಟಿಸಿ, ಮಸಿಯ ಕುಡಿಕೆ ಬಿಚ್ಚಿ, ಕುಂಚ ಅದ್ದಿ ಪಟದ ಮುಂದೆ ಕೂತ. ಮಂಡ್ಯದಲ್ಲಿ ಅವನಷ್ಟು ನವಿರಾಗಿ ಕಲೆ ಮುಚ್ಚುವವರು ಇನ್ನೊಬ್ಬರಿರಲಿಲ್ಲ. ಎಷ್ಟು ಮೊಡವೆ, ಎಷ್ಟು ಸಿಡುಬಿನ ಗುಳಿ, ಎಷ್ಟು ಗಂಡಂದಿರು ಹೊಡೆದ ಬಾಸುಂಡೆ ಅವನ ಕುಂಚದ ತುದಿಯಲ್ಲಿ ಮಾಯವಾಗಿದ್ದವು! ಹದಿನಾರು ವರ್ಷ ಅವನು ಉಂಡದ್ದೇ ಮುಚ್ಚಿಹಾಕುವ ಅನ್ನ. ಮೊದಲು ಹಗ್ಗದ ಮೇಲಿನ ಸೀರೆಯನ್ನು ಮುಚ್ಚಿದ. ಒಂದೇ ಎಳೆತಕ್ಕೆ ಅದು ಆಕಾಶವಾಯಿತು. ಎರಡನೆಯ ಎಳೆತಕ್ಕೆ ಒಂದು ಗುಡಿಸಲಿನ ಮಾಡು ಹೋಯಿತು. ಎಷ್ಟು ಸಲೀಸು! ಗುಡಿಸಲು ಕೀಳಲು ನಾಲ್ಕು ಆಳು, ಹಾರೆ, ಒಂದು ಬೆಳಗ್ಗೆ ಬೇಕು. ಇಲ್ಲಿ ಕುಂಚದ ಒಂದು ಕೂದಲು ಸಾಕು.

ಮೂರನೆಯ ಸಲ ಅದ್ದಿದ ಕುಂಚ ಬಿಂದಿಗೆಯ ಹತ್ತಿರ ಬಂತು. ಅವನು ಹಾಗೇ ಕೂತ. ಕುಂಚದ ತುದಿಯಲ್ಲಿ ಮಸಿ ಒಣಗಿ ಗಟ್ಟಿಯಾಯಿತು. ಮತ್ತೆ ಅದ್ದಲಿಲ್ಲ. ಒದ್ದೆ ಹತ್ತಿ ತೆಗೆದುಕೊಂಡು ಮುಚ್ಚಿದ್ದ ಸೀರೆಯನ್ನೂ ಮಾಡನ್ನೂ ಉಜ್ಜಿ ಉಜ್ಜಿ ಮತ್ತೆ ಹೊರತೆಗೆದ.

ಅಯ್ಯಂಗಾರರು ಬಂದಾಗ ಪಟಕ್ಕೆ ಬಿಳಿಯ ಪಂಚೆ ಸುತ್ತಿ ಹುರಿ ಕಟ್ಟಿತ್ತು. ಹೊರಗೆ ಜೀಪು ಹಾರನ್ ಹೊಡೆಯುತ್ತಿತ್ತು.

"ಅಳಿಸಿದೆಯಾ?"

"ಹಸಿ ಅದೆ ಸ್ವಾಮಿ. ಬಿಚ್ಚಿದ್ರೆ ದೂಳು ಕೂರ್ತದೆ."

ಅಯ್ಯಂಗಾರರು ಅವನ ಮುಖ ನೋಡಿದರು. ಇನ್ನೊಂದು ಸಲ ಕೇಳಬಹುದಿತ್ತು. ಕೇಳಲಿಲ್ಲ. ಹಲಗೆಯ ಒಂದು ತುದಿಯನ್ನು ತಾವೇ ಹಿಡಿದು ಜೀಪಿನವರೆಗೆ ಹೊತ್ತರು. ಅದು ಧೈರ್ಯವೋ, ತಿಳಿಯದವನಂತೆ ಉಳಿಯುವ ಜಾಣತನವೋ ಅವರಿಗೇ ಗೊತ್ತಿರಬೇಕು.

ಭಾನುವಾರ ಬಾವುಟ ಏರಿದ ಮೇಲೆ ವಸ್ತುಪ್ರದರ್ಶನದ ಬಾಗಿಲಿನಲ್ಲಿ ಪಟದ ಪಂಚೆ ಬಿಚ್ಚಿದರು. ಅಂಚಿಗೆ ಚೆಂಡುಹೂವಿನ ಹಾರ. ಬೆಂಗಳೂರಿನ ಹಿರಿಯ ಅಧಿಕಾರಿ ಬಂದರು. ಎಲೆಯಡಿಕೆಯ ತಟ್ಟೆ ಮುಟ್ಟಿದರು. ಪಟದ ಮುಂದೆ ಒಂದು ಕ್ಷಣ ನಿಂತು "ತುಂಬಾ ಚೆನ್ನಾಗಿದೆ" ಎಂದು ಮುಂದೆ ನಡೆದೇಬಿಟ್ಟರು. ವರದರಾಜ ಪಕ್ಕದಲ್ಲೇ ಇದ್ದರು, ಅವರ ಕಣ್ಣು ಹಿರಿಯರ ಮುಖ ಬಿಟ್ಟು ಕದಲಲಿಲ್ಲ. ಕೆಂಪಸಿದ್ದಯ್ಯ ಕಂಬದ ಹಿಂದೆ ನಿಂತು ನೋಡುತ್ತಿದ್ದ. ಅಯ್ಯಂಗಾರರ ಮಾತೇ ಮಾತು. ಯಾವನು ನೋಡುತ್ತಾನೆ ಆಕಾಶವನ್ನ?

ಆದರೆ ಆ ಕಾಲದ ಸಭೆಗಳಿಗೆ ಜನ ತಾವಾಗಿ ಬರುತ್ತಿರಲಿಲ್ಲ. ತುಂಬಿಸಿಕೊಂಡು ಬರಬೇಕಿತ್ತು. ಶಿವಣ್ಣ ತನ್ನ ನಿಷ್ಠೆ ತೋರಿಸಲು ಎರಡು ಲಾರಿ ಕಳಿಸಿದ್ದ. ಅವನ ಹಿಡಿತದಲ್ಲಿದ್ದು, ಕರೆದರೆ ಬಾರದಿರಲು ಧೈರ್ಯವಿಲ್ಲದ ಜನ ಯಾರು? ಬಿಲ್ಲೇಕೊಪ್ಪಲಿನ ಗುಡಿಸಲಿನವರು. ಲಾರಿಯಿಂದ ಇಳಿದ ಗುಂಪು ಬಾಗಿಲಿಗೆ ಬಂದು ಪಟದ ಮುಂದೆ ನಿಂತಿತು.

"ಅಗೋ, ನಮ್ಮೂರು" ಎಂದಿತು ಒಂದು ದನಿ.

"ಥೂ, ನಮ್ಮೂರು ಎಲ್ಲಿ ಇಷ್ಟುದ್ದ ಅದೆ? ಇದು ಬೆಂಗ್ಳೂರಿರ್ಬೇಕು."

ಮುದ್ದಮ್ಮ ಕೋಲು ಎತ್ತಿ ಪಟದ ಎಡಮೂಲೆಗೆ ತೋರಿಸಿದಳು. ವಯಸ್ಸಾದ ಕಣ್ಣಿಗೆ ಹತ್ತಿರದ್ದು ಕಾಣದಿದ್ದರೂ ಎತ್ತರದ್ದು ಕಂಡಿತ್ತು. "ಮ್ವಾಡದ ಮ್ಯಾಲೆ ನಿಂತಿರೋದು ನಾನಲ್ವೇನ್ರವ್ವಾ? ನಾನ್ ಯಾವಾಗ್ ಸತ್ತೆ?"

ನಗು ಎದ್ದಿತು. ಆಮೇಲೆ ಒಬ್ಬೊಬ್ಬರಾಗಿ ತಮ್ಮ ತಮ್ಮನ್ನು ಹುಡುಕತೊಡಗಿದರು. "ಅದು ನಮ್ ಗುಡ್ಲು." "ಅದು ನನ್ ಸೀರೆ ಕಣೆ, ಅರ್ಕಲು ಸೈತ ಬಂದದೆ." "ನಿನ್ ಗಂಡ ಎಲ್ಲಿ?" "ಅವ್ನು ಪಟದಲ್ಲೂ ಮನೇಲಿರಾಕಿಲ್ಲ ಬುಡು." ಮಂಡ್ಯದ ಜನರೂ ಏನೆಂದು ನೋಡಲು ನುಗ್ಗಿದರು. ಬಾಗಿಲು ಕಟ್ಟಿಹೋಯಿತು. ಪೋಲೀಸಿನವರು ಲಾಠಿ ಅಡ್ಡಹಿಡಿದು ನೂಕಿದರೂ ಗುಂಪು ಕರಗಲಿಲ್ಲ. ಹೊರಗೆ ಹೋಗಲು ಬಂದ ಹಿರಿಯ ಅಧಿಕಾರಿಗೆ ದಾರಿಯಿಲ್ಲದಾಯಿತು.

"ಏನಿದು? ಏನು ನೋಡ್ತಿದ್ದಾರೆ?"

ವರದರಾಜ ಆಗ ಮೊದಲ ಸಲ ಆಕಾಶ ನೋಡಿದರು. ಅವರ ಬಾಯಿಂದ ಮಾತು ಹೊರಡುವ ಮುಂಚೆ ಮಂಚಮ್ಮ ಮುಂದೆ ಬಂದಿದ್ದಳು.

"ನಮ್ ಗುಡ್ಲು ಸ್ವಾಮಿ. ಮನೆ ಎಂಟೇ ಆಗಿರೋದು. ಮಿಕ್ಕಿದ್ದು ಪಟದಲ್ಲಿ ಮಾತ್ರ ಅವೆ. ನಾಳೆ ಒತ್ತಾರೆ ಗುಡ್ಲೂ ಕಿತ್ತಾಕ್ತಾರಂತೆ. ಕಿತ್ಮೇಲೆ ನಾವು ಅಲ್ಲೇ ಇರ್ಬೇಕು ಅಂತ ಕಾಣ್ತದೆ, ಮ್ಯಾಲ್ಗಡೆ."

ಹಿರಿಯ ಅಧಿಕಾರಿ ಒಳ್ಳೆಯವರೆಂದು ಹೇಳುವ ಅಗತ್ಯವಿಲ್ಲ. ಅಷ್ಟು ಜನರ ಎದುರಿಗೆ ಕೇಳಿಸಿಕೊಂಡ ಮಾತನ್ನು ಕೇಳಿಸಿಕೊಳ್ಳಲಿಲ್ಲ ಎನ್ನಲಾಗದು, ಅಷ್ಟೆ. ಪಟ ತೆಗೆದವನು ಯಾರು, ಇದು ಹೇಗೆ ಬಂತು, ಸಂಜೆಯೊಳಗೆ ಬರಹದಲ್ಲಿ ಬೇಕು ಎಂದರು.

ಕಚೇರಿಯ ಕೋಣೆಯೊಂದರಲ್ಲಿ ಕೆಂಪಸಿದ್ದಯ್ಯನನ್ನು ನಿಲ್ಲಿಸಿ ವರದರಾಜ ಬಾಗಿಲು ಹಾಕಿದರು. ಶಿವಣ್ಣ ಕಿಟಕಿಗೆ ಬೆನ್ನುಕೊಟ್ಟು ನಿಂತಿದ್ದ. ಹೊಡೆಯುತ್ತಾರೆ ಎಂದುಕೊಂಡಿದ್ದ ಕೆಂಪಸಿದ್ದಯ್ಯನಿಗೆ ಕುರ್ಚಿ ಕೊಟ್ಟರು. ಹದಿನಾರು ವರ್ಷದಲ್ಲಿ ಯಾರೂ ಕೊಡದ ಕುರ್ಚಿ.

"ನೋಡಪ್ಪ ಕೆಂಪಸಿದ್ದಯ್ಯ, ಯಾರದೂ ತಪ್ಪಿಲ್ಲ" ಎಂದರು ವರದರಾಜ. ಅವರೇ ಬರೆಸಿಟ್ಟಿದ್ದ ಕಾಗದ ಮೇಜಿನ ಮೇಲಿತ್ತು. "ಕ್ಯಾಮೆರಾದ ದೋಷ. ಹಳೇ ಫಿಲ್ಮಿನ ಮೇಲಿದ್ದ ಬೇರೆ ಯಾವುದೋ ಪಟ ಇದರ ಮೇಲೆ ಬಿದ್ದಿದೆ. ಆ ಗುಡಿಸಲು ಬೇರೆ ಊರಿಂದು, ಬೇರೆ ವರ್ಷದ್ದು. ಒಂದು ಸಹಿ ಹಾಕಿ ಹೋಗು. ನಿನ್ನ ಮೇಲೆ ಏನೂ ಬರಲ್ಲ."

"ಸಹಿ ಹಾಕ್ಲಾ ಲೇ" ಎಂದ ಶಿವಣ್ಣ. "ಇಲ್ದಿದ್ರೆ ಬೇಕಂತ್ಲೇ ಸರ್ಕಾರದ್ ಮರ್ಯಾದೆ ತೆಗ್ದೆ ಅಂತ ಬರ್ಕತಾರೆ. ಆಮ್ಯಾಕೆ ನಿನ್ ಹೆಣ್ತಿ ಬುತ್ತಿ ಕಟ್ಕಂಡು ಜೈಲ್ ಬಾಗ್ಲಲ್ಲಿ ನಿಂತ್ಕಬೇಕಾಯ್ತದೆ."

ಇಕ್ಕಟ್ಟು ನೋಡಿ. ಅದು ಆಕಸ್ಮಿಕವಾಗಿ ಬಿದ್ದದ್ದೇ ಹೌದು. ತಾನು ಬೇಕೆಂದು ಹಿಡಿದದ್ದಲ್ಲ ಎಂದರೆ ಅದು ಸುಳ್ಳೂ ಅಲ್ಲ. ಆದರೆ ಆ ಸಹಿ ಬಿದ್ದರೆ ಆಕಾಶದಲ್ಲಿ ನಿಂತ ಹತ್ತೊಂಬತ್ತು ಗುಡಿಸಲೂ ಬೇರೆ ಊರಿನವಾಗುತ್ತವೆ, ನಾಳೆ ಬೆಳಿಗ್ಗೆ ಬಿಲ್ಲೇಕೊಪ್ಪಲಿನಲ್ಲಿ ಕೀಳಲು ಅಡ್ಡಿ ಏನೂ ಉಳಿಯುವುದಿಲ್ಲ.

"ನಾನೇ ಬರ್ಕೊಡ್ತೀನಿ ಸ್ವಾಮಿ" ಎಂದ. "ನನ್ನ ಕೈಬರಹ ಆದ್ರೆ ದೊಡ್ಡವರು ನಂಬ್ತಾರೆ."

ವರದರಾಜರಿಗೆ ಆ ಮಾತು ಹಿಡಿಸಿತು. ಪೆನ್ನು ಕೊಟ್ಟರು. ನಾಲ್ಕನೇ ಕ್ಲಾಸಿಗೆ ಬಿಟ್ಟವನ ಅಕ್ಷರ. ಒಂದೊಂದೂ ಕುಂಚದಲ್ಲಿ ತಿದ್ದಿದ ಹಾಗೆ ನಿಧಾನವಾ‌ಗಿ ಇಳಿಯಿತು.

"ಪಟ ತೆಗೆದವನು ನಾನು. ಬಿಲ್ಲೇಕೊಪ್ಪಲಿನಲ್ಲಿ ಆಗಸ್ಟ್ ಹನ್ನೆರಡರಂದು ತೆಗೆದಿದ್ದು. ಚೌಕ ಗಾಜಿಗೆ ಕಪ್ಪು ಬಟ್ಟೆ ಸುತ್ತುವುದು ಕ್ರಮ. ಸುತ್ತಬೇಡ ಎಂದು ಸಾಹೇಬರು ಹೇಳಿದರು. ಸುತ್ತದಿದ್ದರೆ ಹಿಂದೆ ಏನಿದೆಯೋ ಅದು ಬರುತ್ತದೆ. ಹಿಂದೆ ಗುಡಿಸಲು ಇತ್ತು. ಈಗಲೂ ಇದೆ. ಹೋಗಿ ನೋಡಬಹುದು."

ಓದಿದ ವರದರಾಜರ ಕಿವಿ ಕೆಂಪಾಯಿತು. ಹರಿಯಲು ಹೋದರು. ಅಷ್ಟರಲ್ಲಿ ಬಾಗಿಲು ತಟ್ಟಿ ಹಿರಿಯ ಅಧಿಕಾರಿಯ ಗುಮಾಸ್ತ ಒಳಗೆ ಬಂದ, ಕಾಗದಕ್ಕೆ ಕೈಯೊಡ್ಡಿದ. ಸಹಿಯ ಶಾಯಿ ಇನ್ನೂ ಆರಿರಲಿಲ್ಲ.

ಅವನನ್ನು ಆ ದಿನ ಬಿಟ್ಟರು. ಅಯ್ಯಂಗಾರರು ಅಂದೇ ಲೆಕ್ಕ ಮುಗಿಸಿ, ಮುಖ ನೋಡದೆ, ನಾಳೆಯಿಂದ ಬರಬೇಡ ಎಂದರು. ಕೆಂಪಸಿದ್ದಯ್ಯ ಕೊನೆಯ ಬಸ್ಸು ಹಿಡಿದು ತಂಗಿಯ ಗುಡಿಸಲಿಗೆ ಹೋದ. ಗುಡಿಸಲು ಕೀಳಲು ಬಂದರೆ ಜೊತೆಗೆ ನಿಂತಿರೋಣ, ಬೇರೇನೂ ಮಾಡಲಾಗದಿದ್ದರೂ ಮುಖ ಆ ಕಡೆಗೆ ಮಾಡಿ ನಿಂತಿರೋಣ ಎಂದು.

ಸೋಮವಾರ ಬೆಳಿಗ್ಗೆ ಹಾರೆ ಗುದ್ದಲಿ ಹೊತ್ತ ಶಿವಣ್ಣನ ಆಳುಗಳು ಬಂದು ರಸ್ತೆಯ ಆಚೆ ಕೂತು ಬೀಡಿ ಹಚ್ಚಿದರು. ಕೇರಿಯವರು ಗುಡಿಸಲುಗಳ ಮುಂದೆ ಬಂದು ನಿಂತರು. ಬಿಸಿಲೇರಿದ ಮೇಲೆ ಜೀಪು ಬಂತು. ವರದರಾಜ ಇಳಿದರು. ಯಾರನ್ನೂ ನೋಡಲಿಲ್ಲ. ಮೊದಲ ಗುಡಿಸಲಿನಿಂದ ಕೊನೆಯದರವರೆಗೆ ನಡೆದು, ಒಂದೊಂದರ ಮುಂದೆಯೂ ನಿಂತು, ಹಿರಿಯ ಅಧಿಕಾರಿ ಎಣಿಸಿ ಬಾ ಎಂದು ಕೊಟ್ಟ ಕಾಗದದಲ್ಲಿ ಗೀಟು ಹಾಕಿಕೊಂಡರು. ಆಮೇಲೆ ರಸ್ತೆ ದಾಟಿ ಎಂಟು ಮನೆಗಳನ್ನು ಎಣಿಸಿದರು, ಗಿಡ ಬೆಳೆದ ಹನ್ನೊಂದು ಅಡಿಪಾಯಗಳನ್ನೂ ಎಣಿಸಿದರು. ಆಳುಗಳಿಗೆ ಏನೋ ಹೇಳಿದರು. ಅವರು ಹಾರೆ ಎತ್ತಿಕೊಂಡು ಬಂದ ದಾರಿ ಹಿಡಿದರು. ಹನ್ನೊಂದು ಗೋಡೆ ಏಳಲು ಆಮೇಲೆ ಎರಡು ವರ್ಷ, ಹದಿಮೂರು ಅರ್ಜಿ ಬೇಕಾಯಿತು. ಕೆಂಪಸಿದ್ದಯ್ಯನಿಗೆ ಮಂಡ್ಯದಲ್ಲಿ ಯಾವ ಸ್ಟುಡಿಯೋದವರೂ ಕೆಲಸ ಕೊಡಲಿಲ್ಲ. ಆದರೆ ಆ ಹತ್ತೊಂಬತ್ತರಲ್ಲಿ ಒಂದು ಗುಡಿಸಲನ್ನೂ, ಮನೆ ಏಳುವವರೆಗೆ, ಯಾರೂ ಮುಟ್ಟಲಿಲ್ಲ.

ಜೀಪು ತಿರುವಿನಲ್ಲಿ ಮರೆಯಾಗುವವರೆಗೂ ಮಂಚಮ್ಮ ನೋಡುತ್ತ ನಿಂತಿದ್ದಳು. ಆಮೇಲೆ ಬಿಂದಿಗೆ ಎತ್ತಿ ಸೊಂಟಕ್ಕಿಟ್ಟುಕೊಂಡಳು.

"ಇಷ್ಟ್ ವರ್ಸಕ್ಕೆ ಇವತ್ತು ಎಣಿಸ್ಕಂಡ್ ಓದ್ರು ನೋಡಣ್ಣ" ಎಂದಳು. "ಕುಂತಿರು, ರಾಗಿ ಇಟ್ಟು ಕೂಡಿಸ್ತೀನಿ. ಉಂಡ್ಬುಟ್ಟು ಓಗುವಂತೆ."